ಬೀದಿ ಕೊನೆಯ ಅಂಗಡಿಯೂ ನೆರೆಮನೆಯೇ



ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಎಸ್.ಎಸ್. ಬಡಾವಣೆಯ ಕಡೆಯ ಒಬ್ಬ ಕಿರಾಣಿ ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದರು. “ಫಾದರ್, ದೊಡ್ಡ ಸೂಪರ್ ಮಾರ್ಕೆಟ್‌ನೋರು ನಮ್ಮ ರಸ್ತೆಗೂ ಬಂದ್ರೆ ನಾವು ಬದುಕೋದು ಹೆಂಗ್ರಿ? ಬೇಡ ಅಂತ ಚರ್ಚಿನಿಂದ ಒಂದು ಅರ್ಜಿ ಬರ್ಕೊಡ್ರಿ” ಎಂದರು. ನಾನು ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದ ತಾಯಿಯೊಬ್ಬರು, “ನನ್ನ ಮಗಳು ಅಂಥಾ ಅಂಗಡಿಯಾಗೇ ಬಿಲ್ ಹಾಕ್ತಾಳ್ರಿ ಫಾದರ್. ಆ ಸಂಬಳದಿಂದಲೇ ನಮ್ಮ ಮನೆ ಬಾಡಿಗೆ” ಎಂದರು.

ಇಬ್ಬರೂ ನಮ್ಮ ಧರ್ಮಕೇಂದ್ರದವರೇ. ಇಬ್ಬರ ಮಾತೂ ಸುಳ್ಳಲ್ಲ. ಅಂದು ನನಗೆ ಉತ್ತರ ಹೊಳೆಯಲಿಲ್ಲ. “ನೋಡೋಣ” ಎಂದು ಹೇಳಿ ಒಳಗೆ ಹೋದೆ. ಆ “ನೋಡೋಣ” ಎಂಬ ಮಾತು ನನ್ನನ್ನು ಕಾಡಿದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ. ದೊಡ್ಡ ಮಳಿಗೆಯೊಂದು ಬರುವಾಗ ಊರಿನ ಜನ ವಿರೋಧಿಸಬಹುದೇ? ವಿರೋಧಿಸುವುದಾದರೆ ಹೇಗೆ?

ಬೆಂಗಳೂರಿನ ಅನುಭವ

ಈ ಪ್ರಶ್ನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಜರ್ಮನಿಯ ಮೆಟ್ರೋ ಕಂಪನಿಗೆ ಭಾರತದಲ್ಲಿ ಸಗಟು ವ್ಯಾಪಾರ ಮಾಡಲು 2000ದಲ್ಲಿ ಅನುಮತಿ ಸಿಕ್ಕಿತು. 2003ರಲ್ಲಿ ಅದು ಬೆಂಗಳೂರಿನ ಯಶವಂತಪುರ ಮತ್ತು ಕನಕಪುರ ರಸ್ತೆಯಲ್ಲಿ ಮಳಿಗೆಗಳನ್ನು ತೆರೆಯಿತು. ವ್ಯಾಪಾರಿಗಳು ಬಲವಾಗಿ ವಿರೋಧಿಸಿದರು. ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯೂ ದನಿಗೂಡಿಸಿತು. ಅವರ ವಾದ ಸ್ಪಷ್ಟವಾಗಿತ್ತು: ಅನುಮತಿ ಸಿಕ್ಕಿದ್ದು ವ್ಯಾಪಾರಿಗಳಿಗೆ ಸಗಟಾಗಿ ಮಾರಲು, ಅಲ್ಲಿ ಮನೆಬಳಕೆಯವರಿಗೂ ಮಾರುತ್ತಿದ್ದಾರೆ. ಕೃಷಿ ಉತ್ಪನ್ನಗಳನ್ನು ಎ.ಪಿ.ಎಂ.ಸಿ. ಪ್ರಾಂಗಣದ ಹೊರಗೆ ಕೊಳ್ಳುವ ವಿಷಯದಲ್ಲೂ ತಕರಾರು ಎದ್ದಿತು. ಆದರೂ ಮಳಿಗೆಗಳು ಉಳಿದವು.

ಎರಡನೆಯ ಅಲೆ ಬಂದದ್ದು 2012ರಲ್ಲಿ. ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರವರೆಗೆ ವಿದೇಶಿ ಬಂಡವಾಳಕ್ಕೆ ಕೇಂದ್ರ ಸರ್ಕಾರ ಒಪ್ಪಿದಾಗ ಸೆಪ್ಟೆಂಬರ್ 20ರಂದು ದೇಶದಾದ್ಯಂತ ಬಂದ್ ನಡೆಯಿತು. ಅದೇ ವರ್ಷ ಡಿಸೆಂಬರ್ 5ರಂದು ಲೋಕಸಭೆಯಲ್ಲಿ 253 ಮತಗಳು ಸರ್ಕಾರದ ಪರವಾಗಿ, 218 ವಿರುದ್ಧವಾಗಿ ಬಿದ್ದವು. ಅಂಥ ಅಂಗಡಿಗಳು ಮುಖ್ಯವಾಗಿ 10 ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ಮಾತ್ರ, ಅದೂ ಆಯಾ ರಾಜ್ಯ ಒಪ್ಪಿದರೆ ಮಾತ್ರ ಎಂಬ ಷರತ್ತಿತ್ತು. 2011ರ ಜನಗಣತಿಯಂತೆ ನಮ್ಮ ದಾವಣಗೆರೆಯ ಜನಸಂಖ್ಯೆ ಸುಮಾರು 4.35 ಲಕ್ಷ. ಹಾಗಾಗಿ ಮಂಡಿಪೇಟೆ, ಚೌಕಿಪೇಟೆಯ ವ್ಯಾಪಾರಿಗಳು ತಮಗೇನೂ ಭಯವಿಲ್ಲವೆಂದು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಮುಂದೆ ಏನಾಯಿತು? ಮೆಟ್ರೋದ ಭಾರತದ ವ್ಯಾಪಾರವನ್ನು ರಿಲಯನ್ಸ್ ಸಂಸ್ಥೆ 2,850 ಕೋಟಿ ರೂಪಾಯಿಗೆ ಕೊಳ್ಳಲು 2022ರ ಡಿಸೆಂಬರ್‌ನಲ್ಲಿ ಒಪ್ಪಂದವಾಗಿ, 2023ರಲ್ಲಿ ಅದು ಪೂರ್ಣಗೊಂಡಿತು. ಪರದೇಶದವರದೆಂದು ವಿರೋಧಿಸಿದ ಅಂಗಡಿ ಸ್ವದೇಶದವರದಾಯಿತು. ಆದರೆ ಪಕ್ಕದ ಸಣ್ಣ ಅಂಗಡಿಯವನ ಕಷ್ಟವೇನೂ ಬದಲಾಗಲಿಲ್ಲ. ಸ್ವದೇಶಿ ಕಂಪನಿಗೆ ಆ 10 ಲಕ್ಷದ ಷರತ್ತೂ ಅನ್ವಯಿಸುವುದಿಲ್ಲ. ಇದರಿಂದ ಮೊದಲ ಪಾಠ: “ಯಾರ ಅಂಗಡಿ?” ಎಂದು ಕೇಳಿದರೆ ಸಾಲದು. “ಇದರಿಂದ ನಮ್ಮ ಊರಿಗೆ ಏನಾಗುತ್ತದೆ?” ಎಂದು ಕೇಳಬೇಕು.

ಮನೆಮನೆಗೆ ಹೋಗಿ ಮಾಡಿದ ಲೆಕ್ಕ

ಆ ಪ್ರಶ್ನೆಯನ್ನು ಸರಿಯಾಗಿ ಕೇಳಿದ ಒಂದು ಊರಿನ ಕಥೆ ಹೇಳುತ್ತೇನೆ. ಬ್ರಿಟನ್ನಿನ ಟೆಸ್ಕೊ ಎಂಬ ಕಂಪನಿಯ ಹೆಸರು ನೀವು ಕೇಳಿರಬಹುದು. 2013ರ ಕೊನೆಯಲ್ಲಿ ಟಾಟಾ ಸಮೂಹದ ಜೊತೆಗೂಡಿ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಅಂಗಡಿ ನಡೆಸಲು ಅದಕ್ಕೆ ಅನುಮತಿ ಸಿಕ್ಕಿತು. ಅದೇ ಕಂಪನಿ 1990ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಸ್ಯಾಕ್ಸ್‌ಮಂಡಮ್ ಎಂಬ ಸಣ್ಣ ಪೇಟೆಯಲ್ಲಿ ದೊಡ್ಡ ಮಳಿಗೆ ಕಟ್ಟಲು ಅರ್ಜಿ ಹಾಕಿತ್ತು. ಆಗ ಕ್ಯಾರೊಲಿನ್ ಕ್ರ್ಯಾನ್‌ಬ್ರೂಕ್ ಎಂಬ ಮಹಿಳೆ ಘೋಷಣೆ ಕೂಗುವ ಮೊದಲು ಸುತ್ತಲಿನ ಪೇಟೆ-ಹಳ್ಳಿಗಳ 81 ಆಹಾರದ ಅಂಗಡಿಗಳಿಗೆ ಹೋಗಿ ವಿಚಾರಿಸಿದರು. ನಿಮ್ಮ ಮಾಲು ಎಲ್ಲಿಂದ ಬರುತ್ತದೆ? ಎಷ್ಟು ಜನ ಕೆಲಸಕ್ಕಿದ್ದಾರೆ? ವ್ಯಾಪಾರ ತಗ್ಗಿದರೆ ಏನು ಮಾಡುತ್ತೀರಿ? ಈ ಲೆಕ್ಕದಿಂದ ಒಂದು ಸತ್ಯ ಹೊರಬಂತು. ಆ ಅಂಗಡಿಗಳು ಸುತ್ತಲಿನ ಮುನ್ನೂರರಷ್ಟು ರೈತರು ಹಾಗೂ ಸಣ್ಣ ತಯಾರಕರಿಂದ ಮಾಲು ಕೊಳ್ಳುತ್ತಿದ್ದವು. ಅಂಗಡಿ ಮುಚ್ಚಿದರೆ ಅದರ ಹಿಂದಿನ ಹೊಲ, ಹಟ್ಟಿ, ಬೇಕರಿಗಳಿಗೂ ಪೆಟ್ಟು ಬೀಳುತ್ತಿತ್ತು. ಅಲ್ಲಿನ ಸ್ಥಳೀಯ ಆಡಳಿತ ಅರ್ಜಿಯನ್ನು ತಿರಸ್ಕರಿಸಿತು. ಆ ತೀರ್ಮಾನದಲ್ಲಿ ಈ ಅಧ್ಯಯನದ ಪಾತ್ರ ದೊಡ್ಡದು.

ಆದರೆ ಎಲ್ಲ ಕಡೆಯೂ ಹಾಗಾಗಲಿಲ್ಲ. ಅದೇ ದೇಶದ ಸಮುದ್ರತೀರದ ಶೆರಿಂಗಮ್ ಪಟ್ಟಣದಲ್ಲಿ 1996ರಲ್ಲಿ ಆರಂಭವಾದ ಹೋರಾಟ 14 ವರ್ಷ ನಡೆಯಿತು. ಕೊನೆಗೆ 2010ರಲ್ಲಿ ಟೆಸ್ಕೊಗೆ ಅನುಮತಿ ಸಿಕ್ಕಿ 2013ರಲ್ಲಿ ಮಳಿಗೆ ತೆರೆಯಿತು. ಸ್ಯಾಕ್ಸ್‌ಮಂಡಮ್‌ಗೂ ವರ್ಷಗಳು ಕಳೆದ ಮೇಲೆ ಸೂಪರ್ ಮಾರ್ಕೆಟ್‌ಗಳು ಬಂದವು. ಗೆಲುವು ಶಾಶ್ವತವೆಂದು ಯಾರೂ ಭರವಸೆ ಕೊಡಲಾರರು. ಆದರೂ ಊರಿನವರು ತಮ್ಮ ಊರಿನ ಸತ್ಯವನ್ನು ತಾವೇ ತಿಳಿದುಕೊಂಡರಲ್ಲ, ಅದು ವ್ಯರ್ಥವಲ್ಲ.

ಇನ್ನೊಂದು ಮಾತು ಗಮನಿಸಿ. ಅಲ್ಲಿನ ಯೋಜನಾ ನಿಯಮದಂತೆ “ನನ್ನ ವ್ಯಾಪಾರ ಬೀಳುತ್ತದೆ” ಎಂಬುದಷ್ಟೇ ಆಕ್ಷೇಪಣೆಗೆ ಸಾಕಾಗುವುದಿಲ್ಲ. “ಪೇಟೆಯ ನಡುಭಾಗವೇ ಬರಿದಾಗುತ್ತದೆ” ಎಂದು ತೋರಿಸಿದರೆ ಅದನ್ನು ಪರಿಗಣಿಸಬೇಕು. ಕಾನೂನಿನ ಈ ಭೇದದಲ್ಲಿ ನೀತಿಯೂ ಇದೆ. ಮೊದಲನೆಯದು ಸ್ವಹಿತ, ಎರಡನೆಯದು ಸರ್ವಹಿತ.

ನಮ್ಮಲ್ಲಿ ಯಾವ ಬಾಗಿಲು ತಟ್ಟಬೇಕು?

ಬಂಡವಾಳದ ಪ್ರಶ್ನೆ ದೆಹಲಿಯಲ್ಲಿ ತೀರ್ಮಾನವಾಗುತ್ತದೆ. ಬಡಾವಣೆಯ ನಿವೇಶನದ ಪ್ರಶ್ನೆ ಇಲ್ಲಿಯೇ ತೀರ್ಮಾನವಾಗುತ್ತದೆ. ನಮಗೆ ಇರುವುದು ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ನಾವೆಲ್ಲ ‘ದೂಡಾ’ ಎನ್ನುವ ಕಚೇರಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಂತೆ ಊರಿಗೊಂದು ಮಹಾಯೋಜನೆ ಇರುತ್ತದೆ. ಯಾವ ಜಾಗ ವಸತಿಗೆ, ಯಾವುದು ವಾಣಿಜ್ಯಕ್ಕೆ, ಯಾವುದು ಉದ್ಯಾನಕ್ಕೆ ಎಂದು ಅದರಲ್ಲಿ ಗುರುತಿಸಿರುತ್ತಾರೆ. ವಸತಿಯ ಜಾಗವನ್ನು ವಾಣಿಜ್ಯಕ್ಕೆ ಬದಲಿಸಬೇಕಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಅದಕ್ಕೆ ಗಡುವು ಇರುತ್ತದೆ. ನಮ್ಮಲ್ಲಿ ಎಷ್ಟು ಜನ ಪತ್ರಿಕೆಯ ಆ ಸಣ್ಣ ಅಕ್ಷರದ ಪ್ರಕಟಣೆಯನ್ನು ಓದುತ್ತೇವೆ? ಗೋಡೆ ಎದ್ದ ಮೇಲೆ ಕೂಗುವವರೇ ಹೆಚ್ಚು.

ಜಾಗ ಮೊದಲೇ ವಾಣಿಜ್ಯದ್ದಾಗಿದ್ದರೆ ಈ ದಾರಿ ಇರುವುದಿಲ್ಲ. ಆಗಲೂ ಕಟ್ಟಡದ ಪರವಾನಗಿ, ವಾಹನ ನಿಲ್ಲಿಸುವ ಜಾಗ, ಉದ್ದಿಮೆ ಪರವಾನಗಿ ಇವೆಲ್ಲ ನಿಯಮದಂತೆ ಇವೆಯೇ ಎಂದು ಪಾಲಿಕೆಯನ್ನು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ತಳ್ಳುಗಾಡಿಯವರು, ಸೊಪ್ಪು ಮಾರುವ ಅಮ್ಮಂದಿರಿಗೂ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಹಕ್ಕು ಕಾಗದದ ಮೇಲೆ ಇದ್ದರೆ ಸಾಲದು, ಅದನ್ನು ಅವರಿಗೆ ತಿಳಿಸಿ ಹೇಳುವವರು ಬೇಕು. ಓದುಬರಹ ಬಲ್ಲ ನಮ್ಮ ಯುವಕ-ಯುವತಿಯರಿಗೆ ಇದಕ್ಕಿಂತ ಒಳ್ಳೆಯ ಪ್ರೇಷಿತ ಕಾರ್ಯ ಯಾವುದಿದೆ?

ಧರ್ಮಸಭೆ ಏನು ಹೇಳುತ್ತದೆ?

“ಅಂಗಡಿ ವಿಷಯಕ್ಕೂ ಚರ್ಚಿಗೂ ಏನು ಸಂಬಂಧ?” ಎನ್ನುವವರಿದ್ದಾರೆ. ಸಂಬಂಧ ಹಳೆಯದು. ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿ ಬರೆದ ವಿಶ್ವಪತ್ರ ಕಾರ್ಮಿಕನಿಗೆ ನ್ಯಾಯವಾದ ಕೂಲಿ ಸಿಗಬೇಕೆಂದು ಬೋಧಿಸಿತು. 1931ರಲ್ಲಿ ಹನ್ನೊಂದನೆಯ ಪಯಸ್ ಇನ್ನೊಂದು ತತ್ವವನ್ನು ವಿವರಿಸಿದರು: ಸಣ್ಣ ಸಮುದಾಯ ತಾನೇ ಮಾಡಬಲ್ಲದ್ದನ್ನು ದೊಡ್ಡದು ಕಿತ್ತುಕೊಳ್ಳಬಾರದು, ಬದಲಿಗೆ ಅದಕ್ಕೆ ನೆರವಾಗಬೇಕು. ಜಗದ್ಗುರು ಫ್ರಾನ್ಸಿಸ್ 2015ರ ‘ಲೌದಾತೋ ಸಿ’ ಪತ್ರದಲ್ಲಿ ಸಣ್ಣ ಉತ್ಪಾದಕರ ಪರವಾಗಿ ಮಾತನಾಡಿದರು. ದೊಡ್ಡ ವ್ಯವಸ್ಥೆಗಳ ಭಾರದಲ್ಲಿ ಸಣ್ಣ ರೈತರು ಭೂಮಿ ಮಾರಬೇಕಾಗುತ್ತದೆ ಇಲ್ಲವೇ ತಮ್ಮ ಸಾಂಪ್ರದಾಯಿಕ ಬೆಳೆಗಳನ್ನು ಬಿಡಬೇಕಾಗುತ್ತದೆ ಎಂದು ಎಚ್ಚರಿಸಿದರು.

ಹಾಗೆಂದು ಧರ್ಮಸಭೆ ದೊಡ್ಡದೆಲ್ಲ ಪಾಪ, ಸಣ್ಣದೆಲ್ಲ ಪುಣ್ಯ ಎನ್ನುವುದಿಲ್ಲ. ತೂಕದಲ್ಲಿ ಮೋಸ ಮಾಡುವ ತಕ್ಕಡಿಯನ್ನು ದೇವರು ಹೇಸುತ್ತಾರೆಂದು ಜ್ಞಾನೋಕ್ತಿಗಳು ಹೇಳುವಾಗ ಅಂಗಡಿಯ ಗಾತ್ರವನ್ನು ಕೇಳುವುದಿಲ್ಲ. ತಡೆಹಿಡಿದ ಕೂಲಿಯ ಕೂಗಿನ ಬಗ್ಗೆ ಯಕೋಬನು ಬರೆದದ್ದು ಬಿಲ್ ಕೌಂಟರಿನ ಹುಡುಗಿಗೂ, ಕಿರಾಣಿ ಅಂಗಡಿಯಲ್ಲಿ ಮೂಟೆ ಹೊರುವ ಹುಡುಗನಿಗೂ ಸಲ್ಲುತ್ತದೆ. ದಿನವಿಡೀ ನಿಂತು ದುಡಿಯುವವರಿಗೆ ಕೂರಲು ಸ್ಟೂಲ್ ಇದೆಯೇ, ವಾರದ ರಜೆ ಇದೆಯೇ ಎಂಬ ಪ್ರಶ್ನೆ ಎರಡೂ ಕಡೆ ಕೇಳಬೇಕಾದದ್ದು.

ಮೊದಲು ನಮ್ಮ ಚೀಲ ನೋಡೋಣ

ಈಗ ಕಷ್ಟದ ಮಾತು. 2020ರ ಲಾಕ್‌ಡೌನ್ ದಿನಗಳಲ್ಲಿ ಕೈಯಲ್ಲಿ ಕಾಸಿಲ್ಲದಾಗ ಉದ್ರಿ ಬರೆದುಕೊಂಡು ಅಕ್ಕಿ, ಎಣ್ಣೆ ಕೊಟ್ಟವರು ಯಾರು? ಬೀದಿ ಕೊನೆಯ ಅಂಗಡಿಯವರು. ಆ ಉದ್ರಿ ಪುಸ್ತಕಕ್ಕೆ ಆಧಾರ ಕಾರ್ಡು ಬೇಕಿರಲಿಲ್ಲ. ಮುಖದ ಪರಿಚಯ ಸಾಕಿತ್ತು. ಇಂದು ಕೈಗೆ ಸಂಬಳ ಬಂದ ದಿನ ನಾವು ದೊಡ್ಡ ಮಳಿಗೆಗೆ ಹೋಗಿ ಗಾಡಿ ತುಂಬಿಸುತ್ತೇವೆ. ತಿಂಗಳ ಕೊನೆಗೆ ಕಾಸು ಮುಗಿದಾಗ ಉದ್ರಿಗೆ ಅದೇ ಸಣ್ಣ ಅಂಗಡಿಗೆ ಬರುತ್ತೇವೆ. ನಾನೂ ಇದಕ್ಕೆ ಹೊರತಲ್ಲ. ಗುರುಗಳ ನಿವಾಸದ ಸೋಪು, ಸಕ್ಕರೆಯನ್ನು ರಿಯಾಯಿತಿ ನೋಡಿ ದೊಡ್ಡ ಮಳಿಗೆಯಿಂದ ತರಿಸಿದವನು ನಾನೇ. ಅಂಥವನು ಅರ್ಜಿಗೆ ಸಹಿ ಹಾಕಿದರೆ ಅದಕ್ಕೆ ತೂಕ ಎಲ್ಲಿಂದ ಬರಬೇಕು?

ಬಡ ಕುಟುಂಬ ಅಗ್ಗದ ಬೆಲೆ ಹುಡುಕುವುದು ತಪ್ಪಲ್ಲ. ಅದು ಮಕ್ಕಳ ಊಟದ ಪ್ರಶ್ನೆ. ಆದರೆ ಅನುಕೂಲವಿರುವ ನಾವು ಹತ್ತು ರೂಪಾಯಿ ಉಳಿತಾಯಕ್ಕಾಗಿ ಒಂದು ಸಂಬಂಧವನ್ನು ಕಳೆದುಕೊಳ್ಳುತ್ತಿದ್ದೇವೆಯೇ ಎಂದು ಯೋಚಿಸಬೇಕು.

ಆ ಅಂಗಡಿಯವರಿಗೆ ನಾನು ಮುಂದಿನ ವಾರ ಉತ್ತರ ಕೊಟ್ಟೆ. “ಬನ್ನಿ, ಅರ್ಜಿಗಿಂತ ಮೊದಲು ಒಂದು ಪಟ್ಟಿ ಮಾಡೋಣ. ನಮ್ಮ ಬಡಾವಣೆಯಲ್ಲಿ ಎಷ್ಟು ಅಂಗಡಿ, ಎಷ್ಟು ತಳ್ಳುಗಾಡಿ, ಎಷ್ಟು ಜನರ ಅನ್ನ? ಮಾಲು ಎಲ್ಲಿಂದ ಬರುತ್ತದೆ? ಆ ತಾಯಿಯ ಮಗಳನ್ನೂ ಕರೆಯೋಣ. ಅವಳ ಕೆಲಸಕ್ಕೆ ಧಕ್ಕೆ ಬರದಂತೆ ಏನು ಹೇಳಬಹುದೋ ಅದನ್ನೂ ಬರೆಯೋಣ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಫಾದರ್, ಪುಸ್ತಕ ನಾನು ತರ್ತೀನಿ” ಎಂದರು. ಅವರು ಬರೆಯುವ ಕೈ ಉದ್ರಿ ಲೆಕ್ಕದಲ್ಲಿ ಪಳಗಿದ್ದು. ನೆರೆಯವರ ಲೆಕ್ಕವನ್ನೂ ಅದು ಸರಿಯಾಗಿಯೇ ಬರೆಯುತ್ತದೆಂದು ನನ್ನ ನಂಬಿಕೆ.

ಕುಟುಂಬದಲ್ಲಿ ಕೂತು ಚಿಂತಿಸಲು

1. ಕಳೆದ ತಿಂಗಳು ನಮ್ಮ ಮನೆಯ ದಿನಸಿ ಎಲ್ಲೆಲ್ಲಿಂದ ಬಂತು? ಆ ಅಂಗಡಿಗಳವರ ಹೆಸರು ನಮಗೆ ಗೊತ್ತಿದೆಯೇ?

2. ಯಾರಿಗಾದರೂ ಉದ್ರಿ ಬಾಕಿ ಉಳಿಸಿಕೊಂಡಿದ್ದೇವೆಯೇ? ಯಾವಾಗ ತೀರಿಸುತ್ತೇವೆ?

3. ನಾವು ಅಂಗಡಿ ನಡೆಸುವವರಾದರೆ, ನಮ್ಮಲ್ಲಿ ದುಡಿಯುವವರಿಗೆ ಕೊಡುವ ಕೂಲಿ ನ್ಯಾಯವಾದದ್ದೇ?

4. ಊರಿನ ವಿಷಯದಲ್ಲಿ ನಾವು ಕೊನೆಯ ಬಾರಿ ಸಹಿ ಹಾಕಿದ ಅರ್ಜಿ ಯಾವುದು? ಅದನ್ನು ಪೂರ್ತಿ ಓದಿ ಸಹಿ ಹಾಕಿದೆವೇ?