ಆ ಭಾಗದಲ್ಲಿ ಪ್ರಸಾರವಿರುವ ಪತ್ರಿಕೆ

ಮಗಾ, ಸಕಲೇಶಪುರದಲ್ಲಿ ವಾರಪತ್ರಿಕೆ ಶುರು ಮಾಡುತ್ತೀಯಂತೆ. ನಿನ್ನಪ್ಪ ಫೋನಿನಲ್ಲಿ ಹೇಳಿದ. ಖರ್ಚಿಗೇನು ಮಾಡುತ್ತಾನೆ ಅಂದರೆ, "ಸರ್ಕಾರಿ ಪ್ರಕಟಣೆ, ಕೋರ್ಟ್ ನೋಟೀಸು ಬಂದೇ ಬರುತ್ತವಂತೆ" ಅಂದ. ಪತ್ರಿಕೆ ಮಾಡು, ಬೇಡ ಅನ್ನುವವನಲ್ಲ ನಾನು. ಲೆಕ್ಕ ಮಾತ್ರ ತಪ್ಪಿದೆ. ಹಾನುಬಾಳಿನಲ್ಲಿ ಇಷ್ಟು ಕಾಲ ಪೇಪರ್ ಏಜೆನ್ಸಿ ನಡೆಸಿದವನಿಗೆ, ಯಾವ ಪತ್ರಿಕೆಯ ಕಟ್ಟು ಬೆಳಗಿನ ಬಸ್ಸಿನಿಂದ ಇಳಿಯುತ್ತದೆ, ಯಾವುದು ಇಳಿಯುವುದೇ ಇಲ್ಲ ಅನ್ನುವುದು ಅದರ ಸಂಪಾದಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ಧೈರ್ಯದ ಮೇಲೆ ನಾಲ್ಕು ಮಾತು.

ನಿನ್ನ ವಾರಪತ್ರಿಕೆಗೆ ಕೋರ್ಟಿನ ಸಮನ್ಸ್ ಬರುವುದಿಲ್ಲ. ಪ್ರತಿವಾದಿ ಸಿಗದಿದ್ದಾಗ, ಅಥವಾ ಅಮೀನ ಬಂದನೆಂದರೆ ಹಿತ್ತಲ ಬಾಗಿಲಿಂದ ತೋಟ ಸೇರುವ ಆಸಾಮಿಯಾಗಿದ್ದಾಗ, ಪೇಪರ್ ಪಬ್ಲಿಕೇಷನ್ ಮಾಡಿಸಿ ಎಂದು ನ್ಯಾಯಾಲಯ ಹೇಳುತ್ತದಲ್ಲ, ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮ. ಯಾವ ಪತ್ರಿಕೆ ಅನ್ನುವುದನ್ನು 1976ರ ತಿದ್ದುಪಡಿ ಬಿಡಿಸಿ ಹೇಳಿತು. ಅದು ದಿನಪತ್ರಿಕೆಯೇ ಆಗಿರಬೇಕು. ಪ್ರತಿವಾದಿ ಕೊನೆಯದಾಗಿ ವಾಸವಿದ್ದ, ವ್ಯಾಪಾರ ಮಾಡುತ್ತಿದ್ದ ಅಥವಾ ದುಡಿಯುತ್ತಿದ್ದ ಕಡೆ ಅದಕ್ಕೆ ಪ್ರಸಾರ ಇರಬೇಕು. ಭೂಸ್ವಾಧೀನದ ಕಥೆಯೂ ಇದೇ. 1894ರ ಹಳೇ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯಾಗಲಿ, 2013ರ ಹೊಸ ಕಾಯ್ದೆಯ 11ನೇ ಸೆಕ್ಷನ್ ಆಗಲಿ ಕೇಳುವುದು ಆ ಭಾಗದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳನ್ನು, ಅದರಲ್ಲಿ ಒಂದು ಪ್ರಾದೇಶಿಕ ಭಾಷೆಯದು. ಇಲ್ಲಿ ವಾರಪತ್ರಿಕೆಗೆ ಜಾಗವಿಲ್ಲ.

ನೋಂದಣಿಯಾದರೆ ಸಾಕು ಎಂದು ನಿನ್ನ ಸ್ನೇಹಿತರು ಹೇಳಿರಬಹುದು. ನೋಂದಣಿ ಬೇಕೇ ಬೇಕು. ಮೊದಲು 1867ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ನಿಂತು ಘೋಷಣೆ ಕೊಡಬೇಕಿತ್ತು. 2024ರ ಮಾರ್ಚ್ 1ರಿಂದ 2023ರ ಹೊಸ ಕಾಯ್ದೆ ಬಂದಿದೆ, ಅರ್ಜಿಯೆಲ್ಲ ಪ್ರೆಸ್ ಸೇವಾ ಪೋರ್ಟಲ್‌ನಲ್ಲೇ. ಅಂಚೆಗೆ ಓಡಾಡುವ ಕಷ್ಟ ತಪ್ಪಿತು. ಆದರೆ ನೋಂದಣಿ ಬೇರೆ, ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿ ಬೇರೆ, ಕಾನೂನು ಒಂದೊಂದು ನೋಟೀಸಿಗೆ ಕೇಳುವ ಅರ್ಹತೆ ಬೇರೆ. ಪಟ್ಟಿಯಲ್ಲಿ ಹೆಸರಿದ್ದರೆ ಇಲಾಖೆಯ ಜಾಹೀರಾತು ಸಿಗಬಹುದು, ಬಿಲ್ಲೂ ಪಾಸಾಗಬಹುದು. ಅಷ್ಟರಿಂದಲೇ ಹಾನುಬಾಳಿನ ಒಬ್ಬ ರೈತನಿಗೆ ನೋಟೀಸು ತಲುಪಿತು ಅಂತ ಆಗುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಎಲ್ಲ ಕಾಯ್ದೆಯೂ ಒಂದೇ ಮಾತು ಆಡುವುದಿಲ್ಲ ಅನ್ನುವುದನ್ನೂ ನೋಡಿಕೋ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಕೇಳುವುದು ಎರಡು "ಸ್ಥಳೀಯ" ಪತ್ರಿಕೆಗಳನ್ನು, ಒಂದು ದೇಶಭಾಷೆಯದು. ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯ 2002ರ ನಿಯಮಗಳು ಕೇಳುವುದು ಎರಡು "ಪ್ರಮುಖ" ಪತ್ರಿಕೆಗಳನ್ನು, ಅದರಲ್ಲೊಂದು ಆ ಭಾಗದಲ್ಲಿ ಸಾಕಷ್ಟು ಪ್ರಸಾರವಿರುವ ದೇಶಭಾಷೆಯ ಪತ್ರಿಕೆ. ಬ್ಯಾಂಕು ಆಸ್ತಿ ಸ್ವಾಧೀನ ಮಾಡಿಕೊಂಡ 7 ದಿನದೊಳಗೆ ಆ ಪ್ರಕಟಣೆ ಬರಬೇಕು. ಹಾಸನ, ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಕಾಫಿ ತೋಟಕ್ಕೆ ಈ ಕಾಯ್ದೆ ಹಚ್ಚಬೇಡಿ, ಕೃಷಿ ಭೂಮಿಗೆ ಅದರಲ್ಲೇ ವಿನಾಯಿತಿ ಇದೆ ಎಂದು ಹೋರಾಡುತ್ತಿರುವುದು ನಿನಗೆ ಗೊತ್ತು. ಆ ವಾದ ಏನಾದರೂ ಆಗಲಿ, ಹರಾಜಿನ ಪ್ರಕಟಣೆ ಪತ್ರಿಕೆಯಲ್ಲಿ ಬಂತೆಂದರೆ ತೋಟದವನ ಕಾಲಿಗೆ ಗಡುವು ಕಟ್ಟಿದ ಹಾಗೆಯೇ.

ಈಗ ಅಸಲಿ ವಿಷಯ. ಪ್ರಸಾರ ಎಲ್ಲಿರಬೇಕು? ಭೂಸ್ವಾಧೀನದ ಕಾಯ್ದೆ ನೋಡುವುದು ಭೂಮಿ ಇರುವ ಊರನ್ನು. ದಾವೆಯ ಸಮನ್ಸು ನೋಡುವುದು ಮನುಷ್ಯ ಇದ್ದ ಊರನ್ನು. ನಮ್ಮ ಮಲೆನಾಡಿನಲ್ಲಿ ಇವೆರಡೂ ಒಂದೇ ಆಗಿರುವುದು ಅಪರೂಪ ಮಾರಾಯ. ತೋಟ ಹಾನುಬಾಳು ಹೋಬಳಿಯಲ್ಲಿ, ಯಜಮಾನರು ಬೆಂಗಳೂರಿನಲ್ಲಿ, ನೋಡಿಕೊಳ್ಳುವವನು ರೈಟರ್. ಪಾಲು ದಾವೆಗಳನ್ನೇ ತೆಗೆದುಕೋ. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ಹಾಗಾಗಿ ಅಣ್ಣತಮ್ಮಂದಿರ ದಾವೆಯಲ್ಲಿ ಅಕ್ಕತಂಗಿಯರೂ ಪ್ರತಿವಾದಿಗಳು. ಒಬ್ಬಳನ್ನು ಸೋಮವಾರಪೇಟೆಗೆ ಕೊಟ್ಟಿರುತ್ತಾರೆ, ಇನ್ನೊಬ್ಬಳು ಮುಂಬಯಿಯಲ್ಲಿ. ಅವರಿಗೆ ಕೊಡಬೇಕಾದ ಸಮನ್ಸನ್ನು ಹಾಸನ ಜಿಲ್ಲೆ ದಾಟದ ಒಂದು ಪತ್ರಿಕೆಯಲ್ಲಿ ಹಾಕಿಸಿ, ಪ್ರತಿ ಹಾಜರುಪಡಿಸಿ, "ಕೂಗಿಸಿದೆವು, ಬರಲಿಲ್ಲ" ಎಂದು ಎಕ್ಸ್‌ಪಾರ್ಟಿ ಮಾಡಿಸುವುದು ಎಷ್ಟು ಸುಲಭ! ನಿಯಮ ಹೇಳುವುದು ಅದಲ್ಲ. ಅವಳು ಕೊನೆಗೆ ಎಲ್ಲಿ ವಾಸವಿದ್ದಳೋ ಅಲ್ಲಿ ಓಡಾಡುವ ಪತ್ರಿಕೆ ಬೇಕು. ಇದು ಗೊತ್ತಿಲ್ಲದೆ ಆಗುವುದೂ ಉಂಟು. ಗೊತ್ತಿದ್ದೂ ಮಾಡುವವರು ಪತ್ರಿಕೆ ಆರಿಸುವುದೇ ಯಾರೂ ಓದದಿರಲಿ ಅಂತ. ಅಂಥವರು ಒಂದಲ್ಲ ಒಂದು ದಿನ ನಿನ್ನ ಟೇಬಲ್ಲಿನ ಮುಂದೆಯೂ ಕೂರುತ್ತಾರೆ, ಕಾಫಿ ಕುಡಿಸುತ್ತಾರೆ.

ಕಾನೂನಿಗೂ ಈ ಅನುಮಾನ ಇಲ್ಲದಿಲ್ಲ. ಒಂದು ಕಡೆ ಪತ್ರಿಕೆಯಲ್ಲಿ ಬಂದ ಸಮನ್ಸು ಕೈಗೆ ಕೊಟ್ಟಷ್ಟೇ ಸಮ ಎಂದು ಅದೇ 20ನೇ ನಿಯಮ ಹೇಳುತ್ತದೆ. ಇನ್ನೊಂದು ಕಡೆ, ಎಕ್ಸ್‌ಪಾರ್ಟಿ ಡಿಕ್ರಿ ರದ್ದು ಮಾಡಿಸಲು 30 ದಿನ ಗಡುವು ಕೊಡುವ 1963ರ ಕಾಲಮಿತಿ ಕಾಯ್ದೆಯ 123ನೇ ಅನುಚ್ಛೇದದ ವಿವರಣೆಯನ್ನು ಓದಿನೋಡು. ಆ ಗಡುವಿನ ಮಟ್ಟಿಗೆ ಇಂಥ ಬದಲಿ ಜಾರಿಯನ್ನು ಸರಿಯಾದ ಜಾರಿ ಎಂದು ಎಣಿಸುವಂತಿಲ್ಲ. ಅಂದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಆ ಹೆಣ್ಣುಮಗಳ 30 ದಿನ ಶುರು. ಶಾಸನ ಬರೆದವರಿಗೇ ಪತ್ರಿಕೆಯ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ ನೋಡು. ವಕೀಲರಲ್ಲೂ ಈ ವಿವರಣೆ ಮರೆತವರಿದ್ದಾರೆ. ನೀನು ಪತ್ರಕರ್ತ, ನೆನಪಿಟ್ಟುಕೋ.

ಸುಪ್ರೀಂ ಕೋರ್ಟು ಈ "ಪ್ರಸಾರ"ವನ್ನು ಎರಡೂ ಕಡೆಯಿಂದ ನೋಡಿದೆ. ಜಮ್ಮು ಮತ್ತು ಕಾಶ್ಮೀರದ ಗೃಹ ಮಂಡಳಿಯ ಪ್ರಕರಣದಲ್ಲಿ, 2011ರಲ್ಲಿ, ಭೂಸ್ವಾಧೀನದ ಪ್ರಕಟಣೆ ಪತ್ರಿಕೆಗಳಲ್ಲಿ ಕಾಯ್ದೆ ಹೇಳಿದ ರೀತಿಯಲ್ಲೇ ಬರುವುದು ಕಡ್ಡಾಯ, ಗೆಜೆಟ್ ಇದೆಯಲ್ಲ ಎಂದು ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ವರದಿಯಾದ ಚೆನ್ನೈ ಮಹಾನಗರಾಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ, ಪತ್ರಿಕೆಗೆ ಆ ಭಾಗದಲ್ಲಿ ಪ್ರಸಾರವಿದ್ದರೆ ಸಾಕು, ಭಾರಿ ಪ್ರಸಾರವೇ ಬೇಕೆಂದು ಕಾಯ್ದೆ ಹೇಳಿಲ್ಲ ಎಂದಿತು. ಎರಡನೆಯದು ಸಣ್ಣ ದಿನಪತ್ರಿಕೆಯವರಿಗೆ ಸಮಾಧಾನ ಕೊಡುವ ಮಾತು. ಜನತಾ ಮಾಧ್ಯಮ, ಜನಮಿತ್ರದಂಥ ಹಾಸನದ ದಿನಪತ್ರಿಕೆಗಳನ್ನು ರಾಜ್ಯಮಟ್ಟದ್ದಲ್ಲ ಎಂದು ತಳ್ಳಿಹಾಕುವ ಹಾಗಿಲ್ಲ, ಜಿಲ್ಲೆಯ ಸುದ್ದಿಗೆ ಜನ ಹುಡುಕುವುದು ಅವನ್ನೇ. ಆದರೆ ಆಫೀಸಿನ ಫೈಲಿಗೆ, ವಕೀಲರ ಕೈಗೆ, ಇಲಾಖೆಯ ಬಿಲ್ಲಿಗೆ ಬೇಕಾದಷ್ಟೇ ಪ್ರತಿ ಅಚ್ಚು ಹಾಕುವವನಿಗೆ ಆ ತೀರ್ಪು ಆಸರೆಯಲ್ಲ. ಹಳೆಯ 1867ರ ಕಾಯ್ದೆಯಲ್ಲೂ, ಮೂರು ತಿಂಗಳಲ್ಲಿ ಹೊರಬರಬೇಕಾದ ಸಂಚಿಕೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ಪತ್ರಿಕೆಯ ಘೋಷಣೆಯೇ ಬಿದ್ದುಹೋಗುತ್ತಿತ್ತು. ಕಾಯ್ದೆ ಸಂಚಿಕೆ ಎಣಿಸಿತು, ಓದುವವರನ್ನು ಎಣಿಸಲಿಲ್ಲ.

ಹೆದ್ದಾರಿಯ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು, ನಮ್ಮ ಸುತ್ತಿನ ಜನ ಪೆಟ್ಟು ತಿಂದದ್ದು ಅಲ್ಲಿ. ರಾಷ್ಟ್ರೀಯ ಹೆದ್ದಾರಿ 75ನ್ನು ಹಾಸನದಿಂದ ಮಾರನಹಳ್ಳಿಯವರೆಗೆ ನಾಲ್ಕು ಪಥ ಮಾಡಲು ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಜಮೀನು ಹೋಯಿತಲ್ಲ. ಹೆದ್ದಾರಿ ಕಾಯ್ದೆಯ 3ಎ ಸೆಕ್ಷನ್ ಪ್ರಕಾರ ಅಧಿಸೂಚನೆ ಕೇಂದ್ರದ ಗೆಜೆಟ್‌ನಲ್ಲಿ ಬರುತ್ತದೆ, ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ. ಆಕ್ಷೇಪಣೆಗೆ 3ಸಿ ಕೊಡುವುದು 21 ದಿನ. ಎಲ್ಲಿಂದ 21? ಗೆಜೆಟ್‌ನಲ್ಲಿ ಬಂದ ದಿನದಿಂದ, ಪೇಪರಿನಲ್ಲಿ ಬಂದ ದಿನದಿಂದಲ್ಲ. ಗೆಜೆಟ್ ಆಗಿ ವಾರ ಕಳೆದು ಪತ್ರಿಕೆಯಲ್ಲಿ ಬಂತು ಅನ್ನು. ಜುಲೈ ತಿಂಗಳ ಮಳೆ, ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಪೇಪರ್ ಕಟ್ಟು ಬಂದದ್ದು ಸಂಜೆಗೆ. ಉಳಿದ ದಿನದಲ್ಲಿ ಪಹಣಿ ತೆಗೆಸಿ, ಸರ್ವೆ ನಂಬರ್ ತಾಳೆ ನೋಡಿ, ಪೌತಿ ಖಾತೆಯಾಗದ ಅಜ್ಜನ ಹೆಸರಿನ ಜಮೀನಿಗೆ ಯಾರು ಅರ್ಜಿ ಹಾಕಬೇಕೆಂದು ಮನೆಯವರು ಜಗಳ ತೀರಿಸಿಕೊಳ್ಳುವಷ್ಟರಲ್ಲಿ ಗಡುವು ಹೋಯಿತು. ಆಮೇಲೆ ಪರಿಹಾರ ನಿಗದಿಗೆ 3ಜಿ ಸೆಕ್ಷನ್‌ನಡಿ ಮತ್ತೊಂದು ಪ್ರಕಟಣೆ ಬರುತ್ತದೆ, ಹಕ್ಕಿರುವವರೆಲ್ಲ ಹಾಜರಾಗಿ ಎಂದು. ಅದೂ ಎರಡು ಸ್ಥಳೀಯ ಪತ್ರಿಕೆಗಳಲ್ಲೇ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಆಕ್ಷೇಪಣೆಗೆ 60 ದಿನ ಇದೆ, ಜೊತೆಗೆ ಪಂಚಾಯ್ತಿಯಲ್ಲೂ ತಾಲ್ಲೂಕು ಕಚೇರಿಯಲ್ಲೂ ಸ್ಥಳೀಯ ಭಾಷೆಯಲ್ಲಿ ಅಂಟಿಸಬೇಕು, ವೆಬ್‌ಸೈಟಿನಲ್ಲೂ ಹಾಕಬೇಕು. ಪತ್ರಿಕೆಯೊಂದನ್ನೇ ನಂಬಿದರೆ ಆಗದು ಎಂದು ಅಷ್ಟು ಹೊತ್ತಿಗೆ ದೆಹಲಿಯವರಿಗೂ ತಿಳಿದಿತ್ತು.

ಪತ್ರಿಕೆ ತಲುಪದ ಊರುಗಳನ್ನು ಕಾನೂನು ಹಿಂದೆಯೂ ಬಲ್ಲದು. ಜಪ್ತಿಯನ್ನು ಡಂಗುರ ಹೊಡೆಸಿ ಸಾರಬೇಕೆಂದು ಸಿವಿಲ್ ಸಂಹಿತೆಯ 21ನೇ ಆದೇಶದಲ್ಲಿ ಈಗಲೂ ಇದೆ. ಪರಿಸರ ಅನುಮತಿಯ ಅಹವಾಲು ಸಭೆಗೆ ಒಂದು ರಾಷ್ಟ್ರೀಯ, ಒಂದು ಪ್ರಾದೇಶಿಕ ದಿನಪತ್ರಿಕೆಯಲ್ಲಿ ಕನಿಷ್ಠ 30 ದಿನ ಮುಂಚೆ ತಿಳಿಸಬೇಕೆಂಬ 2006ರ ಅಧಿಸೂಚನೆಯೂ, ಪತ್ರಿಕೆ ಹೋಗದ ಕಡೆ ಡೋಲು ಬಡಿಸಿ, ರೇಡಿಯೋದಲ್ಲಿ ಹೇಳಿಸಿ ಅನ್ನುತ್ತದೆ. ನಮ್ಮ ಹಣೆಬರಹ ನೋಡು, ಎತ್ತಿನಹೊಳೆಯನ್ನು ಕುಡಿಯುವ ನೀರಿನ ಯೋಜನೆ ಎಂದು ಕರೆದದ್ದರಿಂದ ಆ ಅಧಿಸೂಚನೆಯ ಅನುಮತಿಯೇ ಬೇಕಾಗಲಿಲ್ಲ. ಅಹವಾಲು ಸಭೆಯೇ ಇಲ್ಲವೆಂದ ಮೇಲೆ ಪ್ರಕಟಣೆ ಎಲ್ಲಿಂದ? ಕಸ್ತೂರಿರಂಗನ್ ವರದಿಯ ಮೇಲಿನ ಸೂಕ್ಷ್ಮ ಪ್ರದೇಶದ ಕರಡಂತೂ 2014ರಿಂದ ಮತ್ತೆ ಮತ್ತೆ ಬಂದಿದೆ, ಆರನೆಯದು 2024ರ ಜುಲೈ 31ಕ್ಕೆ. ಪ್ರತಿ ಸಲವೂ 60 ದಿನ ಕಾಲಾವಕಾಶ, ಗೆಜೆಟ್ ಹಿಂದಿ ಮತ್ತು ಇಂಗ್ಲಿಷಿನಲ್ಲಿ.

ಹಾಗಾದರೆ ನಿನ್ನ ವಾರಪತ್ರಿಕೆಗೆ ಏನು ಕೆಲಸ ಅಂತ ಕೇಳುತ್ತೀಯ. ಇದೇ ಕೆಲಸ. ಕಾನೂನುಬದ್ಧ ಪ್ರಕಟಣೆ ನಿನ್ನಲ್ಲಿ ಬರುವುದಿಲ್ಲ, ದುಡ್ಡೂ ಬರುವುದಿಲ್ಲ. ಅದನ್ನು ಸುದ್ದಿಯಾಗಿ ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ. ದೊಡ್ಡ ಪತ್ರಿಕೆಯ ಯಾವುದೋ ಒಳಪುಟದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಕಾಲಂ ಸೆಂಟಿಮೀಟರ್ ಉಳಿಸಲು ಹಿಂಡಿ ಕೂರಿಸಿದ ನೋಟೀಸನ್ನು ನೀನು ಬಿಡಿಸಿ ಬರೆ. ಬಾಡಿಗೆಗೂ ಮುದ್ರಣಕ್ಕೂ ಅಂಗಡಿ ಜಾಹೀರಾತು, ಚಂದಾ ನೋಡಿಕೋ. ತೋಟದವರಿಗೆ ವರ್ಷದ ಚಂದಾ ಕೊಡುವುದು ದೊಡ್ಡ ಮಾತಲ್ಲ, ತಮ್ಮ ಸರ್ವೆ ನಂಬರ್ ನಿನ್ನ ಪುಟದಲ್ಲಿ ಒಂದು ಸಲ ಕಂಡರೆ ಮುಂದಿನ ವರ್ಷ ತಾವೇ ಬಂದು ಕೊಡುತ್ತಾರೆ.

ಸೋಮವಾರ ಬೆಳಿಗ್ಗೆ ರಾಜ್ಯಪತ್ರವನ್ನೂ ಕೇಂದ್ರದ ಗೆಜೆಟ್ಟನ್ನೂ ಆನ್‌ಲೈನಿನಲ್ಲಿ ತೆಗೆದು ನೋಡು. ನಮ್ಮೂರನ್ನು ಹಾನುಬಾಳು, ಹಾನಬಾಳು, ಹಾನ್‌ಬಾಳ್ ಎಂದೆಲ್ಲ ಬರೆಯುತ್ತಾರೆ, ಒಂದರಲ್ಲಿ ಸಿಗಲಿಲ್ಲವೆಂದು ಬಿಡಬೇಡ. ಬೆಳಗೋಡು, ಹೆತ್ತೂರು, ಯಸಳೂರು ಹೋಬಳಿಗಳನ್ನೂ ಆಲೂರನ್ನೂ ನೋಡು. ಆಮೇಲೆ ತಾಲ್ಲೂಕು ಕಚೇರಿಯ ಬೋರ್ಡು, ಕೋರ್ಟಿನ ಬೋರ್ಡು, ಉಪವಿಭಾಗಾಧಿಕಾರಿ ಕಚೇರಿಯ ಬೋರ್ಡು. ಫೋಟೋ ಹೊಡೆದುಕೋ, ನಿಂತು ಬರೆದುಕೊಳ್ಳಲು ಹೋದರೆ ಗುಂಟೆ ಲೆಕ್ಕ ತಪ್ಪುತ್ತದೆ. ಸರ್ವೆ ನಂಬರ್, ಹಿಸ್ಸಾ, ಚಕ್ಕುಬಂದಿ ಪ್ರೂಫ್ ನೋಡುವಾಗ ಒಬ್ಬ ಓದಿ ಹೇಳಲಿ, ಇನ್ನೊಬ್ಬ ಮೂಲದ ಮೇಲೆ ಬೆರಳಿಟ್ಟು ಕೇಳಲಿ. 118/2 ಹೋಗಿ 181/2 ಆಯಿತೆಂದರೆ ಒಂದು ಮನೆಯವರು ನಿದ್ದೆ ಕೆಡುತ್ತಾರೆ, ಎಚ್ಚರಾಗಬೇಕಾದವರು ಮಲಗಿರುತ್ತಾರೆ. ಪಾಲು ದಾವೆಯ ಹೆಣ್ಣುಮಕ್ಕಳ ಹೆಸರನ್ನು ಮಾತ್ರ ಊರ ಬಾಯಿಗೆ ಹಾಕಬೇಡ. ದಾವೆ ನಂಬರ್, ನ್ಯಾಯಾಲಯ, ಹಾಜರಾಗುವ ತಾರೀಖು ಸಾಕು, ಸಂಬಂಧಪಟ್ಟವರಿಗೆ ಗೊತ್ತಾಗುತ್ತದೆ.

ಮೊದಲ ಪುಟದ ಎಡಗಡೆ ಕಾಲಂ ಇದಕ್ಕೇ ಬಿಡು. ಯಾವ ಗ್ರಾಮ, ಯಾವ ಸರ್ವೆ ನಂಬರ್, ಗೆಜೆಟ್ ತಾರೀಖು ಯಾವುದು, ಆಕ್ಷೇಪಣೆ ಕೊಡಲು ಕೊನೇ ದಿನ ಯಾವುದು, ಯಾವ ಕಚೇರಿಯಲ್ಲಿ ಯಾರ ಕೈಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು. ಕೊನೇ ದಿನವನ್ನು ದಪ್ಪ ಅಕ್ಷರದಲ್ಲಿ ಹಾಕು. ಮೊದಲ ಸಂಚಿಕೆಯಿಂದಲೇ ಹಾನುಬಾಳಿಗೆ ಐವತ್ತು ಪ್ರತಿ ಕಳಿಸು. ಬೆಳಗಿನ ಬಸ್ಸಿಗೆ ಹಾಕಿದರೆ ನಾನೇ ನಿಂತು ಇಳಿಸಿಕೊಳ್ಳುತ್ತೇನೆ, ಉಳಿದ ಪ್ರತಿಯ ಲೆಕ್ಕ ತಿಂಗಳ ಕೊನೆಗೆ ಮಾಡೋಣ.