ಹೊಲ ಬರೆದುಕೊಡುವ ಮುನ್ನ



ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ಮಠಕ್ಕೆ ಬರುವ ರೈತ ಬಂಧುಗಳ ಮಾತು ಮಳೆಯಿಂದ ಆರಂಭವಾದರೂ ಮಕ್ಕಳ ಸೀಟಿಗೆ ಬಂದು ನಿಲ್ಲುತ್ತದೆ. ಮಕ್ತಲ ಕಡೆಯ ಒಬ್ಬರು ಹೋದ ವರ್ಷ ನಮ್ಮೆದುರು ಕುಳಿತು, "ಅಪ್ಪಾರೆ, ಕಾಲುವೆ ಬದಿಯ ಎರಡು ಎಕರೆ ಹೋದರೆ ಹೋಗಲಿ, ಹುಡುಗ ಇಂಜಿನಿಯರ್ ಆದರೆ ಸಾಕು" ಎಂದರು. ಯಾವ ಕಾಲೇಜು ಎಂದು ಕೇಳಿದೆವು. ಹೆಸರು ಅವರಿಗೆ ಗೊತ್ತಿರಲಿಲ್ಲ. ಸೀಟು ಕೊಡಿಸುವ ಏಜೆಂಟನಿಗೆ ಗೊತ್ತಿತ್ತು. ಆ ಮಾತಿನಿಂದಲೇ ಈ ಲೇಖನ ಹುಟ್ಟಿತು.

ಹಿಂದಿನವರಿಗೆ ಓದು ಅಗ್ಗವಾಗಿತ್ತೆಂದು ತಿಳಿಯಬಾರದು. ಫೀಜು ಕಡಿಮೆ ಇತ್ತು ನಿಜ, ಆದರೆ ಪರಊರಿನಲ್ಲಿ ಅನ್ನ ಮತ್ತು ಆಸರೆ ಸಿಗುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ನಮ್ಮ ಭಾಗದ ಹುಡುಗರಿಗೆ ಇದ್ದ ದೊಡ್ಡ ವಿದ್ಯಾಸಂಸ್ಥೆ ಎಂದರೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಅಲ್ಲಿಯ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಾಲೇಜಿನಲ್ಲಿ ಉರ್ದು! ಅಷ್ಟನ್ನೂ ದಾಟಿ ಹೋದವನು ಊಟಕ್ಕೆ ಏನು ಮಾಡಬೇಕು? ನಮ್ಮ ಸಮಾಜ ಮೊದಲು ಕೈ ಹಾಕಿದ್ದು ಈ ಪ್ರಶ್ನೆಗೆ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ಸಮಾಜದ ಮಕ್ಕಳ ಓದಿಗೆ ತಮ್ಮ ಆಸ್ತಿ ಬರೆದಿಟ್ಟರು. 1910ರಲ್ಲಿ ವಿಜಯಪುರದ ಬಿ.ಎಲ್.ಡಿ.ಇ., 1916ರಲ್ಲಿ ಬೆಳಗಾವಿಯ ಕೆ.ಎಲ್.ಇ. ಹುಟ್ಟಿದವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಪ್ರಸಾದ ಬಡಿಸಿದ್ದು ಎಲ್ಲರಿಗೂ ತಿಳಿದದ್ದೇ. ಓದಿನ ಖರ್ಚನ್ನು ಆಗ ಮಠಗಳು ಮತ್ತು ದಾನಿಗಳು ಹಂಚಿಕೊಂಡಿದ್ದರು.

ಮುಂದೆ ಅನ್ನದ ಜಾಗದಲ್ಲಿ ಸೀಟು ಬಂದು ಕುಳಿತಿತು. ಅದರ ಬೆಲೆ ಗಡಿಯ ಯಾವ ಬದಿಯಲ್ಲಿ ನಿಂತಿದ್ದೇವೆ ಎಂಬುದರ ಮೇಲೆ ಬದಲಾಗತೊಡಗಿತು. 1989ರಲ್ಲಿ ಕರ್ನಾಟಕ ಸರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ವರ್ಷದ ಫೀಜು ಗೊತ್ತುಮಾಡಿತು. ಸರಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರಗಿನವರಿಗೆ 60,000. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ಹುಡುಗಿ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದಳು. 1992ರಲ್ಲಿ ಕೋರ್ಟು ಅವಳ ಪರವಾಗಿ ಹೇಳಿತು. ಮರುವರ್ಷ ಮತ್ತೊಂದು ತೀರ್ಪು, 2002ರಲ್ಲಿ ಇನ್ನೊಂದು ಬಂದು ಆ ನಿಯಮಗಳೆಲ್ಲ ತಿರುವುಮುರುವಾದವು. ನಾವು ಗಮನಿಸಬೇಕಾದದ್ದು ಬೇರೆ. ಗದ್ವಾಲ ತಾಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಆಂಧ್ರಕ್ಕೆ ಸೇರಿತು. ನಾರಾಯಣಪೇಟೆ, ಮಕ್ತಲಗಳೂ ಅತ್ತಲೇ ಉಳಿದವು. ಬೀಗರು ರಾಯಚೂರಿನವರು, ಅಡತಿಯೂ ಅಲ್ಲಿಯೇ. ಆದರೆ ಕಾಲೇಜಿನ ಲೆಕ್ಕದಲ್ಲಿ ನಾವು ಮೋಹಿನಿ ಜೈನಳ ಸಾಲಿನಲ್ಲಿ ನಿಂತ ಹೊರಗಿನವರು.

ಈ ಗಡಿ ಇಂದಿಗೂ ಹಣ ಎಣಿಸುತ್ತದೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಸರಕಾರಿ ಸೀಟು ಬೇಕಾದರೆ ಸಾಮಾನ್ಯವಾಗಿ ಒಂದರಿಂದ ದ್ವಿತೀಯ ಪಿ.ಯು.ಸಿ.ಯವರೆಗಿನ ಓದಿನಲ್ಲಿ ಏಳು ವರ್ಷ ಅಲ್ಲಿಯೇ ಓದಿರಬೇಕು. ಇತ್ತ ತೆಲಂಗಾಣದಲ್ಲಿ ವೈದ್ಯಕೀಯ ಸೀಟಿಗೆ ಇಂಟರ್ ಮುಗಿಯುವ ಮುಂಚಿನ ನಾಲ್ಕು ವರ್ಷ ಸತತವಾಗಿ ಇದೇ ರಾಜ್ಯದಲ್ಲಿ ಓದಿದವರೇ ಸ್ಥಳೀಯರೆಂದು 2024ರಲ್ಲಿ ನಿಯಮವಾಯಿತು. 2025ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹತ್ತನೆಯ ತರಗತಿಯನ್ನು ಮಕ್ತಲದಲ್ಲಿ ಮುಗಿಸಿ, ಒಳ್ಳೆಯ ಕಾಲೇಜೆಂದು ದೇವಸೂಗೂರಿನ ಸೇತುವೆ ದಾಟಿ ರಾಯಚೂರಿನಲ್ಲಿ ಪಿ.ಯು.ಸಿ. ಮಾಡಿದ ಹುಡುಗನ ಗತಿ ಏನು? ಅಲ್ಲಿ ಏಳು ವರ್ಷವಿಲ್ಲ, ಇಲ್ಲಿ ನಾಲ್ಕು ವರ್ಷವಿಲ್ಲ. ಡಾಕ್ಟರಾಗಬೇಕೆಂಬ ಮಗು ಎರಡೂ ದಡಕ್ಕೆ ಸಲ್ಲದೆ ಹೊಳೆಯ ನಡುವೆ ನಿಂತಂತಾಗುತ್ತದೆ. 2024ರಲ್ಲಿ ನಾರಾಯಣಪೇಟೆ ಮತ್ತು ಗದ್ವಾಲಗಳಲ್ಲಿ ತಲಾ 50 ಸೀಟುಗಳ ಸರಕಾರಿ ವೈದ್ಯಕೀಯ ಕಾಲೇಜು ತೆರೆದವು. ಮನೆಯ ಬಾಗಿಲಿಗೆ ಬಂದ ಆ ಕಾಲೇಜಿನಲ್ಲಿ ನಮ್ಮ ಮಗುವೇ ಸ್ಥಳೀಯ ಅಲ್ಲವೆಂದಾದರೆ ಆ ನಷ್ಟವನ್ನು ಯಾವ ಹೊಲವೂ ತುಂಬಲಾರದು. ಕರ್ನಾಟಕದಲ್ಲಿ ಗಡಿನಾಡು ಕನ್ನಡಿಗರಿಗೆಂದು ಬೇರೆ ವಿಭಾಗವಿದೆ, ಕನ್ನಡ ಪರೀಕ್ಷೆಯೂ ಇದೆ. ಆಯಾ ವರ್ಷದ ಕೈಪಿಡಿಯಲ್ಲಿ ನಮ್ಮ ತಾಲೂಕಿನ ಹೆಸರನ್ನು ಕಣ್ಣಾರೆ ಓದಿಕೊಂಡೇ ಅದನ್ನು ನೆಚ್ಚಬೇಕು. ಮಗುವಿಗೆ ಕನ್ನಡ ಉಳಿಯಲೆಂದು ರಾಯಚೂರಿಗೆ ಕಳಿಸುವವರ ಮನಸ್ಸು ನಮಗೆ ಅರ್ಥವಾಗುತ್ತದೆ, ಅದು ನಮ್ಮ ಮನಸ್ಸೂ ಹೌದು. ಆದರೆ ಕನ್ನಡ ಓದುಬರಹವನ್ನು ಮನೆಯಲ್ಲಿಯೂ ಮಠದಲ್ಲಿಯೂ ಕಲಿಸಬಹುದು.

ಇನ್ನು ಇಂಜಿನಿಯರಿಂಗ್. 2008ರಲ್ಲಿ ಆಗಿನ ಆಂಧ್ರ ಸರಕಾರ ಫೀಜು ಮರುಪಾವತಿ ಯೋಜನೆ ತಂದಿತು. 2009ರಲ್ಲಿ ವೀರಶೈವ ಲಿಂಗಾಯತರು ಬಿ.ಸಿ.-ಡಿ ಪಟ್ಟಿಗೆ ಸೇರಿದರು. ಹಳ್ಳಿಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ, ಪಟ್ಟಣದಲ್ಲಿ ಎರಡು ಲಕ್ಷದೊಳಗೆ ಆದಾಯವಿದ್ದವರಿಗೆ ಇದರ ಲಾಭವುಂಟು. ಪ್ರವೇಶ ಪರೀಕ್ಷೆಯಲ್ಲಿ 10,000ದೊಳಗಿನ ರ‍್ಯಾಂಕಿಗೆ ಪೂರ್ತಿ ಫೀಜು, ಅದರಾಚೆಗೆ 35,000 ಮಾತ್ರ. 2022ರಲ್ಲಿ ಕನಿಷ್ಠ ಫೀಜೇ 45,000ಕ್ಕೆ ಏರಿತು, ಕೆಲವು ಕಾಲೇಜುಗಳಲ್ಲಿ ಲಕ್ಷ ದಾಟಿತು. ಮಿಕ್ಕದ್ದು ತಂದೆಯ ತಲೆಯ ಮೇಲೆ. ಆ ಮರುಪಾವತಿಯೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. 2025ರ ನವೆಂಬರಿನಲ್ಲಿ ಖಾಸಗಿ ಕಾಲೇಜುಗಳು ಬಾಕಿ ಕೇಳಿ ಬಾಗಿಲು ಹಾಕಿದ್ದವು. ಸರಕಾರದ ಬಾಕಿಗಾಗಿ ಮಗುವಿನ ಸರ್ಟಿಫಿಕೇಟು ಕಾಲೇಜಿನಲ್ಲಿ ಸಿಕ್ಕಿಬಿದ್ದ ಗೋಳನ್ನು ನಾವು ಅನೇಕ ತಂದೆಯರಿಂದ ಕೇಳಿದ್ದೇವೆ.

ವ್ಯಾಪಾರಿ ಬಂಧುಗಳು ನಮಗಿಂತ ಚೆನ್ನಾಗಿ ಲೆಕ್ಕ ಬಲ್ಲರು, ಆದರೂ ಒಂದು ಲೆಕ್ಕ ಬರೆಯುತ್ತೇವೆ. ಫೀಜು, ಹಾಸ್ಟೆಲು ಸೇರಿ ವರ್ಷಕ್ಕೆ ಎರಡು ಲಕ್ಷವೆಂದರೆ ನಾಲ್ಕು ವರ್ಷಕ್ಕೆ ಎಂಟು ಲಕ್ಷ. ಊರಿನ ಸಾಲ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದು ಹಿಡಿದರೆ ತಿಂಗಳ ಬಡ್ಡಿಯೇ 16,000. ದೊಡ್ಡ ಕಂಪ್ಯೂಟರ್ ಕಂಪನಿಗಳಲ್ಲಿ ಹೊಸದಾಗಿ ಸೇರಿದವರ ಸಂಬಳ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಆಸುಪಾಸು. ಹದಿನೈದು ವರ್ಷಗಳಿಂದ ಅದು ಹೆಚ್ಚು ಮೇಲೆದ್ದಿಲ್ಲ. ಹೈದರಾಬಾದಿನಲ್ಲಿ ಕೋಣೆ ಬಾಡಿಗೆ, ಊಟ ಕಳೆದು ಹುಡುಗ ಊರಿಗೆ ಎಷ್ಟು ಕಳಿಸಿಯಾನು? ಬಡ್ಡಿಗೂ ಸಾಲದು. ಬ್ಯಾಂಕಿನ ವಿದ್ಯಾಸಾಲ ನೂರಕ್ಕೆ ವರ್ಷಕ್ಕೆ ಹತ್ತು ಎಂದು ಹಿಡಿದರೂ ಬಡ್ಡಿ ಅರ್ಧಕ್ಕಿಂತ ಕಡಿಮೆ. ಆದರೂ ನಮ್ಮವರು ಬ್ಯಾಂಕಿನ ಮೆಟ್ಟಿಲು ಹತ್ತಲು ನಾಚುತ್ತಾರೆ, ಸಾವಕಾರನ ಮನೆಗೆ ರಾತ್ರಿ ಹೋಗುತ್ತಾರೆ.

ಹೊಲ ಮಾರುವುದರಲ್ಲಿ ಕಾಣದ ನಷ್ಟವೂ ಒಂದಿದೆ. ಹೈದರಾಬಾದಿನ ಜಯಶಂಕರ್ ಕೃಷಿ ವಿಶ್ವವಿದ್ಯಾಲಯದಲ್ಲಿ ರೈತರ ಮಕ್ಕಳಿಗೆಂದು ಸೀಟುಗಳು ಮೀಸಲಾಗಿವೆ, ಅದಕ್ಕೆ ಮನೆತನದ ಹೆಸರಿನಲ್ಲಿ ಭೂಮಿ ಇರಬೇಕು. ಗದ್ವಾಲದ ಹತ್ತಿ ಬೀಜದ ಹೊಲಗಳಲ್ಲಿ ಹೂವು ಕಟ್ಟುವ ಕೆಲಸ ನೋಡಿ ಬೆಳೆದ ಮಗು ಬೀಜಶಾಸ್ತ್ರ ಓದಿದರೆ ತಪ್ಪೇನು? ಪಾಲಿಟೆಕ್ನಿಕ್ ಮುಗಿಸಿ, ಇಸೆಟ್ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ಒಂದು ವರ್ಷದ ಫೀಜು ಉಳಿಯುತ್ತದೆ.

ಮತ್ತೊಂದು ಮಾತು ಹೇಳದಿದ್ದರೆ ತಪ್ಪಾದೀತು. ಕಡಿಮೆ ಅಂಕದ ಮಗನಿಗೆ ಹಣ ಕೊಟ್ಟು ಸೀಟು ಕೊಳ್ಳುತ್ತೇವೆ, ಹೆಚ್ಚು ಅಂಕದ ಮಗಳಿಗೆ ಊರಿನ ಡಿಗ್ರಿ ಸಾಕೆನ್ನುತ್ತೇವೆ. ಮೇಲೆ ಬರೆದ ಲೆಕ್ಕವನ್ನೇ ಹಾಕಿ ನೋಡಿದರೂ ಇದು ನಷ್ಟದ ವ್ಯಾಪಾರ.

ಆ ಮಕ್ತಲದ ರೈತರು ಹೊಲ ಮಾರಲಿಲ್ಲ. ಹುಡುಗ ಕೌನ್ಸೆಲಿಂಗಿನಲ್ಲಿ ಸಿಕ್ಕ ಸೀಟಿಗೆ ಮಹಬೂಬನಗರದಲ್ಲಿ ಸೇರಿದ. ಅವರ ಮಗಳು ಒಂಬತ್ತನೆಯ ತರಗತಿ. ಅವಳನ್ನು ರಾಯಚೂರಿನ ಸೋದರಮಾವನ ಮನೆಯಲ್ಲಿಟ್ಟು ಓದಿಸುವ ವಿಚಾರವಿತ್ತಂತೆ. ನಾಲ್ಕು ವರ್ಷದ ನಿಯಮ ತಿಳಿಸಿದ ಮೇಲೆ ಊರಿನ ಶಾಲೆಯಲ್ಲಿಯೇ ಉಳಿಸಿದ್ದಾರೆ. ಮೊನ್ನೆ ಬಂದಾಗ ಮೀ-ಸೇವಾದಿಂದ ತಂದ ಜಾತಿ, ಆದಾಯದ ಪತ್ರಗಳನ್ನು ನಮಗೆ ತೋರಿಸಿದರು.