ಬಗ್ಗಬೇಡಿ, ಕುರ್ಚಿ ಮಲಗಿಸಿ

ಬಿಡಿಎಸ್ ಮೂರನೇ ವರ್ಷದಲ್ಲಿ ನಿಜವಾದ ರೋಗಿಯ ಬಾಯಿಗೆ ಕೈ ಹಾಕುವಾಗ ನಿಮ್ಮ ಗಮನವೆಲ್ಲ ಹಲ್ಲಿನ ಮೇಲೆಯೇ. ಕುತ್ತಿಗೆ ಎತ್ತ ವಾಲಿತ್ತು, ಸೊಂಟ ಎಷ್ಟು ತಿರುಚಿತ್ತು ಎಂಬುದು ತಿಳಿಯುವುದು ಸಂಜೆ ಹಾಸ್ಟೆಲಿಗೆ ಹೋದಮೇಲೆ.

ಮೇಲ್ದವಡೆಯ ಹಿಂದಿನ ಹಲ್ಲು ಕಾಣದಿದ್ದಾಗ ಬಗ್ಗಿ ಇಣುಕುವುದೇ ಹೆಚ್ಚಿನ ನೋವಿಗೆ ಮೂಲ. ಕುರ್ಚಿಯನ್ನು ಪೂರ್ತಿ ಮಲಗಿಸಿ, ರೋಗಿಗೆ ಗದ್ದ ಮೇಲೆತ್ತಲು ಹೇಳಿ, ಮೌತ್ ಮಿರರ್‌ನಲ್ಲಿ ನೋಡುತ್ತಾ ಕೆಲಸ ಮಾಡಿ. ಕನ್ನಡಿಯಲ್ಲಿ ಎಲ್ಲ ತಿರುವುಮುರುವಾಗಿ ಕಾಣುವುದರಿಂದ ಮೊದಮೊದಲು ಕೈ ತಡವರಿಸುತ್ತದೆ, ನಿಜ. ಲ್ಯಾಬಿನ ಫ್ಯಾಂಟಮ್ ಹೆಡ್ ಇರುವುದು ಮತ್ತೇಕೆ? ಅದು ‘ಕುತ್ತಿಗೆ ತಿರುಗಿಸಲಾರೆ’ ಎಂದು ಗೊಣಗುವುದೂ ಇಲ್ಲ. ಕೆಳದವಡೆಗಾದರೆ ಬೆನ್ನೊರಗನ್ನು ತುಸು ಎತ್ತಿಕೊಳ್ಳಿ.

ಇನ್ನು ನಿಮ್ಮ ಸ್ಟೂಲ್. ಪಾದಗಳು ನೆಲಕ್ಕೆ ಊರಿರಲಿ, ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲಿರಲಿ, ರೋಗಿಯ ಬಾಯಿ ನಿಮ್ಮ ಮೊಣಕೈ ಮಟ್ಟಕ್ಕೆ ಬರಲಿ. ಭುಜ ಕಿವಿಯತ್ತ ಏರುತ್ತಿದೆಯೆಂದರೆ ರೋಗಿ ತೀರಾ ಎತ್ತರದಲ್ಲಿದ್ದಾರೆ ಎಂದೇ ಅರ್ಥ. ತಲೆ 20 ಡಿಗ್ರಿಗಿಂತ ಹೆಚ್ಚು ಮುಂದಕ್ಕೆ ಬಾಗದಿರಲಿ. ಕಣ್ಣಿಗೂ ಹಲ್ಲಿಗೂ 35ರಿಂದ 40 ಸೆಂ.ಮೀ. ಅಂತರ ಸಾಕು. ಅದಕ್ಕೂ ಹತ್ತಿರ ಹೋಗಬೇಕೆನಿಸಿದರೆ ಮೊದಲು ದೀಪ ಸರಿಪಡಿಸಿ, ಆಮೇಲೆ ಕಣ್ಣು ಪರೀಕ್ಷಿಸಿಕೊಳ್ಳಿ.

ಲೂಪ್ಸ್ ಕೊಳ್ಳುವ ಆಸೆಯಿದ್ದರೆ ನಿಮ್ಮ ಕಣ್ಣಿನ ಅಳತೆ, ಕೂರುವ ಎತ್ತರ ನೋಡಿ ಹೊಂದಿಸಿಕೊಡುವವರಲ್ಲೇ ಕೊಳ್ಳಿ. ಸೀನಿಯರ್ ಮಾರುವ ಹಳೆಯದು ಅಗ್ಗವಾದರೂ ನಿಮ್ಮ ಕುತ್ತಿಗೆಯನ್ನು ಇನ್ನಷ್ಟು ಬಗ್ಗಿಸೀತು.

ನಾಳೆ ಕ್ಲಿನಿಕ್‌ನಲ್ಲಿ ಪಕ್ಕದ ಕುರ್ಚಿಯ ಗೆಳತಿಗೆ ಹೇಳಿ, ನೀವು ಕೆಲಸ ಮಾಡುವಾಗ ಪಕ್ಕದಿಂದ ಒಂದು ಫೋಟೋ ತೆಗೆಯಲಿ. ರೋಗಿಯ ಮುಖ ಮಾತ್ರ ಬೇಡ.